ಪಟ್ಟೆತಲೆ ಹೆಬ್ಬಾತು

ಬಿಳಿಯ ತಲೆಯ ಹಿಂಬದಿಗೆ ಎರಡು ಕರಿಯ ಪಟ್ಟೆ. ಇದೇ ಈ ಹೆಬ್ಬಾತಿನ ಗುರುತು. ಟಿಬೆಟ್, ಲಡಾಖ್, ಮಂಗೋಲಿಯಗಳ ಎತ್ತರದ ಸರೋವರಗಳ ಬಳಿ ನಾಲ್ಕಾರು ಮೊಟ್ಟೆಯಿಟ್ಟು, ಸುಮಾರು ತಿಂಗಳು ಕಾವು ಕೊಟ್ಟು ಮರಿಮಾಡುತ್ತದೆ. ಚಳಿಗಾಲಕ್ಕೆ ಹಿಮಾಲಯ ದಾಟಿ ದಕ್ಷಿಣಕ್ಕೆ ಬರುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಇವು ಸಾವಿರಗಟ್ಟಲೆ ಇಳಿಯುತ್ತವೆ.

ಇದು ಮೀನು ಹಿಡಿದು ಬದುಕುವ ಹಕ್ಕಿಯಲ್ಲ. ಹಗಲು ಹೆಚ್ಚಾಗಿ ನೀರಿನಲ್ಲಿ ವಿಶ್ರಮಿಸಿ, ಇರುಳು ಹುಲ್ಲು, ಕಡಲೆ, ಗೋದಿಯ ಎಳೆಪೈರು ಮೇಯುತ್ತದೆ. ಮಳೆ ಕಡಿಮೆಯಾದ ನಮ್ಮ ಜತ್ತ ತಾಲೂಕಿನಲ್ಲಿ ಹಿಂಗಾರಿಯ ಒಂದೊಂದು ಗಿಡಕ್ಕೂ ಬೆಲೆಯುಂಟು, ನಿಜ. ಆದರೂ ಹಿಂಡು ಹೊಲಕ್ಕಿಳಿದರೆ ಹಲಗೆ ಬಾರಿಸಿ ಎಬ್ಬಿಸಿರಿ. ವಿಷವಿಕ್ಕಬೇಡಿರಿ ಎಂದು ನಾವು ಬಿನ್ನವಿಸುತ್ತೇವೆ. ಆ ವಿಷ ದನಕರುಗಳಿಗೂ ತಗಲೀತು. 1972ರ ವನ್ಯಜೀವಿ ಕಾಯಿದೆಯಂತೆ ಇದರ ಬೇಟೆ ಅಪರಾಧವೂ ಹೌದು. ಬೇಸಿಗೆ ಬಲಿಯುವ ಮೊದಲೇ ಈ ಅತಿಥಿ ಉತ್ತರಕ್ಕೆ ಹೊರಟುಹೋಗುತ್ತದೆ.