ಕೋವಿಯ ಮರದಲ್ಲಿ ತಪ್ಪಿದ ತಿರುಪು

ಮನೆಯಲ್ಲಿ ಪೂಜೆಗೊಳ್ಳುವ ವಸ್ತುವು ಊನವಾದಾಗ ಗೃಹಸ್ಥನಿಗೆ ಆಗುವ ಸಂಕಟವನ್ನು ಅದರ ಬೆಲೆಯಿಂದ ಅಳೆಯಲಾಗದು. ಕೊಡಗಿನ ಮನೆಗಳಲ್ಲಿ ಕೋವಿಯು ಅಂತಹ ವಸ್ತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮರಣವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ಅಲ್ಲಿನ ಸಂಪ್ರದಾಯ. ಸೆಪ್ಟೆಂಬರಿನ ಆರಂಭದಲ್ಲಿ ಬರುವ ಕೈಲುಮುಹೂರ್ತದಂದು ಕೋವಿಯನ್ನು ಶುಚಿಗೊಳಿಸಿ, ತೋಕ್ ಪೂ ಎಂಬ ಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಬಳಿಕ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯಗಳು ನಡೆಯುತ್ತವೆ.

ಅಂಥದೊಂದು ಹಬ್ಬದ ದಿನ ನಮ್ಮ ಮನೆಯ ಹಳೆಯ ಕೋವಿಯು ಹೆಗಲಿನಿಂದ ಜಾರಿ ಅಂಗಳದ ಕಲ್ಲಿನ ಮೇಲೆ ಬಿದ್ದಿತು. ಹೆಗಲಪಟ್ಟಿಯನ್ನು ಹಿಡಿದಿದ್ದ ಕಬ್ಬಿಣದ ಬಳೆಯು ತನ್ನ ತಿರುಪಿನೊಡನೆ ಮರದಿಂದ ಕಿತ್ತುಬಂದಿತ್ತು. ಒಳಗೆ ಗುಂಡಿರಲಿಲ್ಲ, ಇದ್ದಿದ್ದರೆ ಅಂಗಳದಲ್ಲಿ ಆಡುತ್ತಿದ್ದ ಮಕ್ಕಳ ಗತಿ ಏನಾಗುತ್ತಿತ್ತೆಂಬುದನ್ನು ನೆನೆಯಲೂ ನಮಗೆ ಧೈರ್ಯವಿಲ್ಲ. ಪರೀಕ್ಷಿಸಿ ನೋಡಲಾಗಿ ಕಾರಣವು ತಿಳಿಯಿತು. ಹಿಂದೆಂದೋ ಯಾರೋ ತಿರುಪಿನ ರಂಧ್ರವನ್ನು ನಡುಗೆರೆಯಿಂದ ಕಾಲಂಗುಲ ಪಕ್ಕಕ್ಕೆ ಕೊರೆದು, ತಪ್ಪು ತಿಳಿದ ಮೇಲೆ ಅರಗನ್ನೂ ಮರದ ಹುಡಿಯನ್ನೂ ಅದರಲ್ಲಿ ತುಂಬಿ, ಅದಕ್ಕೆ ತಾಗಿಯೇ ಇನ್ನೊಂದು ರಂಧ್ರವನ್ನು ಕೊರೆದಿದ್ದರು. ತಿರುಪಿನ ಅರ್ಧಭಾಗವು ಮರವನ್ನು ಕಚ್ಚಿದ್ದರೆ ಉಳಿದರ್ಧವು ಬರಿಯ ಅರಗನ್ನು ಕಚ್ಚಿತ್ತು. ಮೇಲಿನ ಮೆರುಗಿನಿಂದಾಗಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯನ್ನಿಟ್ಟುಕೊಳ್ಳಲು ಪರವಾನಗಿಯಿಂದ ವಿನಾಯಿತಿಯುಂಟು. 2019ರಲ್ಲಿ ಕೇಂದ್ರ ಸರ್ಕಾರವು ಅದನ್ನು 2029ರವರೆಗೆ ಮುಂದುವರಿಸಿತು. ದುರಸ್ತಿಯ ಮಾತು ಬೇರೆ. 1959ರ ಆಯುಧ ಅಧಿನಿಯಮದ 5ನೆಯ ಪ್ರಕರಣದಂತೆ ಕೋವಿಯನ್ನು ದುರಸ್ತಿ ಮಾಡುವ ಕಸಬಿಗೆ ಪರವಾನಗಿ ಬೇಕು. ಆದುದರಿಂದ ಪರವಾನಗಿಯುಳ್ಳ ಕಸಬುದಾರರೊಬ್ಬರಲ್ಲಿಗೆ ಹೋದೆವು. ಅವರು ಮಾಡಿದುದನ್ನು ಪಕ್ಕದಲ್ಲಿ ಕುಳಿತು ಕಂಡೆವು. ಕೆಲಸವನ್ನು ಮಾಡಿಸುವವನಿಗೂ ಅದರ ಕ್ರಮವು ತಿಳಿದಿರಬೇಕೆಂದು ಇಲ್ಲಿ ಬರೆಯುತ್ತೇವೆ.

ಮೊದಲು ಅವರು ಕೋವಿಯನ್ನು ತೆರೆದು, ಗುಂಡಿಲ್ಲವೆಂಬುದನ್ನು ಕಣ್ಣಿನಿಂದ ಒಮ್ಮೆ, ಬೆರಳಿನಿಂದ ಒಮ್ಮೆ ಪರೀಕ್ಷಿಸಿದರು. ನಾವೇ ನೋಡಿ ತಂದಿದ್ದೇವೆಂದಾಗ, "ನೀವು ನೋಡಿದ್ದು ನಿಮಗಾಯಿತು, ನಾನು ನೋಡುವುದು ನನಗೆ" ಎಂದರು. ಬಳಿಕ ನಳಿಗೆಯನ್ನೂ ಕಬ್ಬಿಣದ ಭಾಗಗಳನ್ನೂ ಬಿಡಿಸಿಟ್ಟು, ಮರವನ್ನು ಮಾತ್ರ ಕೈಗೆತ್ತಿಕೊಂಡರು.

ಅರಗನ್ನೆಲ್ಲ ಕೆದಕಿ ತೆಗೆದು, ಎರಡು ರಂಧ್ರಗಳನ್ನೂ ಒಳಗೊಳ್ಳುವಂತೆ ಚೂಪಾದ ಉಳಿಯಿಂದ ಒಂದೇ ಚೊಕ್ಕ ಗುಳಿಯನ್ನು ಮಾಡಿದರು. ಹಳೆಯ ಕೋವಿಯ ಮರವು ವರ್ಷಗಳ ಎಣ್ಣೆಯನ್ನು ಕುಡಿದಿರುತ್ತದೆ. ಎಣ್ಣೆಯ ಮೇಲೆ ಅಂಟು ನಿಲ್ಲದು. ಆದಕಾರಣ ಗುಳಿಯನ್ನು ಅಸಿಟೋನಿನಿಂದ ಒರಸಿ ಒಣಗಿಸಿದರು. ಅನಂತರ ಮುರಿದ ಕೋವಿಯೊಂದರ ಅಕ್ರೋಟು ಮರದಿಂದ ಗುಳಿಗೆ ಒಪ್ಪುವ ತುಂಡನ್ನು ಕೆತ್ತಿದರು.

ಇಲ್ಲಿಯೇ ಕೆಲಸದ ಮರ್ಮವಿರುವುದು. ಅಂಗಡಿಯ ದುಂಡು ಕಡ್ಡಿಯನ್ನು ತಂದು ಬಡಿದರೆ ರಂಧ್ರವು ತುಂಬುತ್ತದೆ, ನಿಜ. ಆದರೆ ಅದರ ಎಳೆಗಳು ನೆಟ್ಟಗೆ ನಿಲ್ಲುತ್ತವೆ. ಎಳೆಗಳ ಉದ್ದಕ್ಕೆ ಇಳಿಯುವ ತಿರುಪಿನ ಹಿಡಿತವು ಕಡಿಮೆ. ಎಳೆಗಳ ತುದಿಯು ಎಣ್ಣೆಯನ್ನು ಹೆಚ್ಚಾಗಿ ಹೀರಿ ಕಪ್ಪುಚುಕ್ಕೆಯಾಗಿ ಕಾಣುತ್ತದೆ. ತುಂಬುವ ಮರದ ಎಳೆಯು ಕೋವಿಯ ಮರದ ಎಳೆಯೊಡನೆಯೇ ಸಾಗಬೇಕು. ಈ ಕಾರಣದಿಂದಲೇ ಹಿಂತುದಿಯ ತಗಡಿನ ತಿರುಪು ತಪ್ಪಿದಾಗ ಕ್ರಮವು ತಿರುಗುಮುರುಗಾಗುತ್ತದೆ: ಅಲ್ಲಿ ರಂಧ್ರವು ಎಳೆಗಳ ಉದ್ದಕ್ಕೇ ಇರುವುದರಿಂದ ಉದ್ದೆಳೆಯ ಕಡ್ಡಿಯೇ ತಕ್ಕದ್ದು.

ತುಂಡನ್ನು ಇಪಾಕ್ಸಿ ಅಂಟಿನಿಂದ ಕೂರಿಸಿ, ಬಿಗಿದು ಕಟ್ಟಿ, 24 ಗಂಟೆ ಮುಟ್ಟದೆ ಇಟ್ಟರು. ಮರುದಿನ ಹೆಚ್ಚಾದ ಮರವನ್ನು ಕೀಸಿ, ಉಪ್ಪುಕಾಗದದಿಂದ ಉಜ್ಜಿದರು. ಹೊಸ ಜಾಗವನ್ನು ಕಣ್ಣಂದಾಜಿನಿಂದ ಗೊತ್ತುಮಾಡಲಿಲ್ಲ. ಎರಡು ಬದಿಗಳಿಂದಲೂ ಅಳೆದು ನಡುಗೆರೆಯನ್ನೆಳೆದು, ಹಿಂತುದಿಯ ಕೆಳಮೂಲೆಯಿಂದ ಎರಡೂವರೆ ಅಂಗುಲ ಮುಂದಕ್ಕೆ ಗುರುತು ಹಾಕಿದರು. ಕೆಳಮೈ ದುಂಡಾಗಿರುವುದರಿಂದ ಬೈರಿಗೆಯ ಅಲಗು ಜಾರುವ ಸಂಭವವಿದೆ. ಮೊದಲ ತಪ್ಪೂ ಹೀಗೆಯೇ ಆಗಿದ್ದಿರಬೇಕು. ಅದನ್ನು ತಡೆಯಲು ದಬ್ಬಳದ ಮೊನೆಯಿಂದ ಸಣ್ಣ ಕುಳಿಯನ್ನು ಒತ್ತಿದರು. ತಿರುಪಿನ ಸುತ್ತುಗಳನ್ನು ಬಿಟ್ಟು ಅದರ ತಿರುಳು ಎಷ್ಟು ದಪ್ಪವೋ ಅಷ್ಟೇ ದಪ್ಪದ ರಂಧ್ರವನ್ನು ಕೊರೆದು, ತಿರುಪಿಗೆ ಜೇನುಮೇಣವನ್ನು ಸವರಿ ಕೈಯಿಂದಲೇ ತಿರುಗಿಸಿದರು. ಬಳೆಗೆ ಕೋವಿಯ ಎರಡರಷ್ಟು ಭಾರವನ್ನು ತೂಗುಹಾಕಿ ನೋಡಿ, ಕೊನೆಗೆ ಅಗಸೆಯೆಣ್ಣೆಯನ್ನು ತಿಕ್ಕಿದರು.

ತೇಪೆಯ ಗೆರೆಯು ಹತ್ತಿರದಿಂದ ನೋಡಿದರೆ ಕಾಣುತ್ತದೆ. ಅದನ್ನು ಮರೆಸಲೇ ಎಂದು ಅವರು ಕೇಳಿದಾಗ ಬೇಡವೆಂದೆವು. ಸೈನ್ಯದ ಹಳೆಯ ಲೀ-ಎನ್‌ಫೀಲ್ಡ್ ರೈಫಲುಗಳಲ್ಲಿಯೂ ಹೀಗೆ ಹೊಸ ಮರವನ್ನು ಕೂಡಿಸಿದ ತೇಪೆಗಳುಂಟು. ಅವುಗಳನ್ನು ಹೊತ್ತವರು ಅದರಿಂದ ನಾಚಿದವರಲ್ಲ. ನಮ್ಮ ಮನೆಗೆ ಕೇಡು ತರಲಿದ್ದುದು ಮೊದಲು ತಪ್ಪಿದ ರಂಧ್ರವಲ್ಲ, ಅದನ್ನು ಮುಚ್ಚಿದ ಅರಗು. ಕೋವಿಯು ಈಗ ಗುಂಡಿಲ್ಲದೆ, ಬೀಗದೊಳಗೆ, ಮುಂದಿನ ಕೈಲುಮುಹೂರ್ತವನ್ನು ಕಾದಿದೆ. ವಾಚಕರ ಮನೆಯಲ್ಲಿಯೂ ಕೋವಿಯಿದ್ದರೆ, ಹಬ್ಬಕ್ಕೆ ಮೊದಲು ಅದನ್ನು ಬರಿದುಮಾಡಿ, ಪಟ್ಟಿಯ ಬಳೆಯನ್ನು ಒಮ್ಮೆ ಎಳೆದು ನೋಡಲಿ.