ಹೊರಗಡೆ ಬೀಗ, ಒಳಗಡೆ ಮಗು

ಇವತ್ತಿನ ಸಂಚಿಕೆ, ಸ್ಕೂಲ್ ಬಿಟ್ಟ ಮೇಲೆ ಮನೇಲಿ ಒಂಟಿಯಾಗಿ ಇರೋ ಮಕ್ಕಳ ಬಗ್ಗೆ.

ಬಿಕಾಂ ಓದಿದ ಅಭ್ಯಾಸ ನೋಡಿ, ಮೊದಲು ಲೆಕ್ಕ ಹಾಕೋಣ. ಸ್ಕೂಲ್ 4.30ಕ್ಕೆ ಬಿಡುತ್ತೆ. ಗಾರ್ಮೆಂಟ್ಸ್ ಕೆಲಸದ ಅಮ್ಮ ಬಸ್ ಹಿಡಿದು ಮನೆ ಸೇರೋದು 7ಕ್ಕೆ ಅಂತಿಟ್ಕೊಳ್ಳಿ. ದಿನಕ್ಕೆ ಎರಡೂವರೆ ಗಂಟೆ. ತಿಂಗಳಿಗೆ 20 ದಿನ ಅಂದ್ರೂ 50 ಗಂಟೆ!

ಈ 50 ಗಂಟೆ ಯಾರ ಜವಾಬ್ದಾರಿ? 6 ವರ್ಷದ ತನಕ ಅಂಗನವಾಡಿ ಇದೆ. 50 ಅಥವಾ ಹೆಚ್ಚು ಜನ ಕೆಲಸ ಮಾಡೋ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯೂ ಆಯ್ತು. ಆದರೆ ಇವೆಲ್ಲ ಪುಟ್ಟ ಮಕ್ಕಳಿಗೆ. ಒಂದನೇ ಕ್ಲಾಸಿಗೆ ಹೋದ ಮಗುವಿಗೆ ಸ್ಕೂಲ್ ಗಂಟೆ ಹೊಡೆದ ಮೇಲೆ ಹೇಳಿಕೊಳ್ಳೋ ವ್ಯವಸ್ಥೆ ಇಲ್ಲ. ಹಾಗಾಗಿ ಅಪ್ಪ ಅಮ್ಮನನ್ನ ಬೈಯೋಕೆ ಮುಂಚೆ ಈ ಲೆಕ್ಕ ನೆನಪಿರಲಿ.

ಎಷ್ಟು ವಯಸ್ಸಿಗೆ ಒಂಟಿಯಾಗಿ ಬಿಡಬಹುದು? ನಮ್ಮ ದೇಶದ ಕಾನೂನಿನಲ್ಲಿ ಇಂಥದ್ದೇ ವಯಸ್ಸು ಅಂತ ಇಲ್ಲ. ಆದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, ಮಗುವಿಗೆ ನೋವಾಗುವಂತೆ ಬೇಕಂತಲೇ ನಿರ್ಲಕ್ಷ್ಯ ಮಾಡಿದರೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು.

ಈಗ ಮುಖ್ಯ ವಿಷಯ. ಎಷ್ಟೋ ಮನೆಗಳಲ್ಲಿ 'ಸೇಫ್ ಆಗಿರ್ಲಿ' ಅಂತ ಹೊರಗಿಂದ ಬೀಗ ಹಾಕಿ ಹೋಗ್ತಾರೆ. ಆ ಬೀಗ ಮನೆಯನ್ನ ಕಾಯುತ್ತೆ, ಮಗುವನ್ನಲ್ಲ. ಗ್ಯಾಸ್ ಲೀಕ್ ಆದ್ರೆ, ಶಾರ್ಟ್ ಸರ್ಕ್ಯೂಟ್ ಆದ್ರೆ ಮಗು ಓಡೋದು ಎಲ್ಲಿಗೆ? ಬಾಗಿಲು ಒಳಗಿಂದ ತೆಗೆಯೋಕೆ ಬರಬೇಕು. ಇದೊಂದು ಮಾಡೋಕಾಗದಷ್ಟು ಚಿಕ್ಕ ಮಗು ಅಂದ್ರೆ, ಒಂಟಿಯಾಗಿ ಇರೋ ವಯಸ್ಸು ಇನ್ನೂ ಬಂದಿಲ್ಲ ಅಂತಲೇ ಅರ್ಥ.

ಹೊರಡೋ ಮುಂಚೆ ಸಿಲಿಂಡರ್ ರೆಗ್ಯುಲೇಟರ್ ಆಫ್ ಮಾಡಿ. ನೀರು ಕಾಯಿಸೋ ಕಾಯಿಲ್ ಎತ್ತಿಡಿ. ಸಂಪ್ ಮುಚ್ಚಳ ಭದ್ರ ಮಾಡಿ. ಗ್ಯಾಸ್ ವಾಸನೆ ಬಂದ್ರೆ ಯಾವ ಸ್ವಿಚ್ಚನ್ನೂ ಮುಟ್ಟದೆ, ಆನೂ ಬೇಡ ಆಫೂ ಬೇಡ, ಬಾಗಿಲು ತೆಗೆದು ಹೊರಗೆ ಓಡಬೇಕು. ಫೋನ್ ಮಾಡೋದೂ ಹೊರಗೆ ಬಂದ ಮೇಲೇನೇ. ಇದನ್ನ ಬರೀ ಹೇಳಬೇಡಿ, ಭಾನುವಾರ ಒಂದ್ಸಲ ಮಾಡಿಸಿ ನೋಡಿ. ಅಮ್ಮನ ನಂಬರ್ ಮೊಬೈಲಲ್ಲಿ ಸೇವ್ ಆಗಿದ್ರೆ ಸಾಲದು, ಬಾಯಿಪಾಠ ಆಗಬೇಕು. ಜೊತೆಗೆ ಮಕ್ಕಳ ಸಹಾಯವಾಣಿ 1098, ತುರ್ತು ಸಹಾಯಕ್ಕೆ 112.

ಕೊನೇದಾಗಿ, ಒಬ್ಬರು ಮನುಷ್ಯರು ಬೇಕು. ಮೊಬೈಲ್ ಕೈಗೆ ಕೊಟ್ಟರೆ ಮಗು ಸುಮ್ಮನಿರುತ್ತೆ, ಅಷ್ಟೇ. ಬಿದ್ದಾಗ ಎತ್ತೋರು ಪಕ್ಕದ್ಮನೆ ಆಂಟಿ, ಮೇಲ್ಮನೆ ಅಜ್ಜಿ. 'ಐದು ಗಂಟೆಗೆ ಒಂದ್ಸಲ ಇಣುಕಿ ನೋಡ್ತೀರಾ?' ಅಂತ ಕೇಳೋಕೆ ಸಂಕೋಚ ಬೇಡ. ಹಳ್ಳಿ ಕಡೆ ಇರೋರು ಗ್ರಾಮ ಪಂಚಾಯಿತಿ ಗ್ರಂಥಾಲಯ ಸಂಜೆ ತೆಗೆದಿರುತ್ತಾ ವಿಚಾರಿಸಿ. ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ.

ಇದನ್ನ ಕೇಳ್ತಿರೋ ನಿಮ್ಮಲ್ಲಿ ಹಲವರಿಗೆ ಇನ್ನೂ ಮದುವೆನೇ ಆಗಿಲ್ಲ, ಗೊತ್ತು. ಆದರೆ ನಿಮ್ಮ ಬೀದೀಲೂ ಸಂಜೆ ಕಿಟಕಿ ಸರಳು ಹಿಡ್ಕೊಂಡು ನಿಂತಿರೋ ಒಂದು ಮಗು ಇರಬಹುದು. ಇವತ್ತು ಅವರ ಅಮ್ಮನ ನಂಬರ್ ಇಸ್ಕೊಳ್ಳಿ, ನಿಮ್ಮ ನಂಬರ್ ಕೊಡಿ. ಮುಂದಿನ ವಾರ ಸಿಗೋಣ.