ಅಕ್ಷರ ಬಂದರೆ ಸಾಕೆ? ಮನೆಯ ಮಾತೂ ಬೇಕು

ಚೆನ್ನೈ: ಸಂಘದ ಭಾನುವಾರದ ಕನ್ನಡ ತರಗತಿಗೆ ಮಕ್ಕಳನ್ನು ಬಿಡಲು ಬರುವ ತಂದೆತಾಯಿಯರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ. 'ಎಷ್ಟು ತಿಂಗಳಲ್ಲಿ ಓದೋಕೆ ಬರುತ್ತೆ ಮೇಡಂ?' ಅಕ್ಷರಮಾಲೆ, ಕಾಗುಣಿತ, ಒತ್ತಕ್ಷರ ಮುಗಿದರೆ ಕನ್ನಡ ಬಂದ ಹಾಗೆ ಎಂಬ ನಂಬಿಕೆ ಈ ಪ್ರಶ್ನೆಯ ಹಿಂದಿದೆ. ವರ್ಷ ಕಳೆದ ಮೇಲೆ ಅದೇ ಮಗು 'ಅಜ್ಜಿ ಸಾರಿಗೆ ಒಗ್ಗರಣೆ ಹಾಕಿದಳು' ಎಂಬ ಸಾಲನ್ನು ತಡವರಿಸದೆ ಓದುತ್ತದೆ. ಒಗ್ಗರಣೆ ಎಂದರೇನು ಎಂದು ಟೀಚರ್ ಕೇಳಿದರೆ ಮಾತ್ರ ಅವರ ಮುಖ ನೋಡುತ್ತದೆ. ಮನೆಯಲ್ಲಿ ದಿನವೂ ಒಗ್ಗರಣೆ ಆಗುತ್ತದೆ. ಆದರೆ ಅಡುಗೆಮನೆಯ ಮಾತು ತಮಿಳಿಗೆ ತಿರುಗಿರುವುದರಿಂದ ಮಗುವಿನ ಕಿವಿಗೆ ಬಿದ್ದಿರುವುದು 'ತಾಳಿಪ್ಪು'.

ಓದು ಎಂದರೆ ಎರಡು ಶಕ್ತಿಗಳ ಗುಣಲಬ್ಧ ಎಂದು ಗೋ ಮತ್ತು ಟನ್ಮರ್ ಎಂಬ ವಿದ್ವಾಂಸರು 1986ರಲ್ಲಿ ವಿವರಿಸಿದರು. ಒಂದು, ಅಕ್ಷರವನ್ನು ಉಚ್ಚಾರಕ್ಕೆ ತಿರುಗಿಸುವ ಶಕ್ತಿ. ಇನ್ನೊಂದು, ಕೇಳಿದ ಮಾತನ್ನು ಅರ್ಥ ಮಾಡಿಕೊಳ್ಳುವ ಶಕ್ತಿ. ಇಲ್ಲಿ ಕೂಡುವ ಲೆಕ್ಕವಿಲ್ಲ, ಗುಣಿಸುವ ಲೆಕ್ಕ. ಎರಡರಲ್ಲಿ ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟೇ ಇದ್ದರೂ ಉತ್ತರ ಸೊನ್ನೆಯೇ. ಖಾತೆಯಲ್ಲಿ ಜಮೆ ಇಲ್ಲದೆ ಚೆಕ್ಕನ್ನು ಎಷ್ಟು ಅಂದವಾಗಿ ಬರೆದರೇನು?

ಕನ್ನಡದ ಲಿಪಿಯೂ ಅವಸರದವರಿಗೆ ಒಲಿಯುವುದಿಲ್ಲ. ವರ್ಣಮಾಲೆಯಲ್ಲಿ 49 ಅಕ್ಷರಗಳಿದ್ದರೂ ಗುಣಿತ, ಒತ್ತು ಸೇರಿದಾಗ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಓದು ಕಲಿಯುವ ಮಕ್ಕಳನ್ನು ಕುರಿತು ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಷ್ಟೆಲ್ಲ ಅಕ್ಷರಗಳು ಕೈವಶವಾಗಲು ಒಂದೆರಡು ವರ್ಷ ಸಾಲದು, ನಾಲ್ಕನೇ ತರಗತಿಯವರೆಗೂ ಕಲಿಕೆ ನಡೆದೇ ಇರುತ್ತದೆ. ದಿನವೂ ಶಾಲೆಯಲ್ಲಿ ಕನ್ನಡ ಕಲಿಯುವ ಮಕ್ಕಳ ಮಾತೇ ಇದು. ವಾರಕ್ಕೊಂದು ಗಂಟೆ ಬರುವ ಚೆನ್ನೈ ಮಗುವಿಗೆ ಮೂರು ತಿಂಗಳ ಗಡುವು ಕೊಡುವುದು ನ್ಯಾಯವೇ?

ಇಲ್ಲಿಯ ಮಕ್ಕಳಿಗೆ ಇನ್ನೊಂದು ಸಂಗತಿಯೂ ಇದೆ. 2006ರ ತಮಿಳು ಕಲಿಕೆ ಕಾಯಿದೆಯ ಪ್ರಕಾರ, ಆ ವರ್ಷ ಒಂದನೇ ತರಗತಿಯಿಂದ ಆರಂಭವಾಗಿ ಹಂತಹಂತವಾಗಿ ಹತ್ತರವರೆಗೆ ತಮಿಳು ಮೊದಲ ಭಾಗದ ಕಡ್ಡಾಯ ಭಾಷೆಯಾಯಿತು. ಎರಡನೆಯದು ಇಂಗ್ಲಿಷ್. ಮಾತೃಭಾಷೆಗೆ ದೊರೆತದ್ದು ನಾಲ್ಕನೇ ಭಾಗದ ಐಚ್ಛಿಕ ಸ್ಥಾನ. ಭಾಷಾ ಅಲ್ಪಸಂಖ್ಯಾತರ ಶಾಲೆಗಳು ನ್ಯಾಯಾಲಯದ ಮೆಟ್ಟಿಲೇರಿ ವಿನಾಯಿತಿ ಪಡೆದದ್ದೂ ಉಂಟು. ಆ ವಾದ ಏನೇ ಇರಲಿ, ಬಹುಪಾಲು ಮಕ್ಕಳ ಕೈ ಮೊದಲು ತಿದ್ದುವುದು ತಮಿಳಿನ 'ಅ'ವನ್ನು.

ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ತ, ದ ಕೂಡ ಹಾಗೆಯೇ, ಪ, ಬ ಕೂಡ. ಮಹಾಪ್ರಾಣವಿಲ್ಲ. ದ್ವಿತ್ವಕ್ಕೆ ಅಕ್ಷರದ ತಲೆಯ ಮೇಲೊಂದು ಚುಕ್ಕೆ ಇಟ್ಟು ಮುಂದಿನ ಅಕ್ಷರ ಪಕ್ಕದಲ್ಲಿ ಬರೆಯುತ್ತಾರೆ. ಕನ್ನಡದ ಹಾಗೆ ಕೆಳಗೆ ಒತ್ತು ನೇತಾಡುವುದಿಲ್ಲ. ಹೀಗಾಗಿ ತಮಿಳು ಕಲಿತ ಮಗು 'ದನ'ವನ್ನು 'ತನ' ಎಂದು, 'ಗಿಡ'ವನ್ನು 'ಕಿಡ' ಎಂದು ಬರೆದರೆ ಗದರಬೇಕಾದ್ದಿಲ್ಲ. ಗಮನಿಸಬೇಕಾದ್ದು ಬೇರೆ. ಮನೆಯಲ್ಲಿ 'ಗಿಡಕ್ಕೆ ನೀರು ಹಾಕು' ಎಂದು ನೂರು ಸಲ ಕೇಳಿದ ಮಗುವಿನ ಕಿವಿಯಲ್ಲಿ 'ಗ' ಕೂತಿರುತ್ತದೆ, ಬರೆದದ್ದನ್ನು ಒಮ್ಮೆ ಓದಿಸಿದರೆ ತಾನೇ ತಿದ್ದಿಕೊಳ್ಳುತ್ತದೆ. ಕೇಳದ ಮಗುವಿಗೆ ತಿದ್ದಲು ಆಧಾರವೇ ಇಲ್ಲ.

ಒತ್ತಿನ ವಿಷಯವೂ ಇದೇ. 'ಅಜ್ಜಿ ಕತೆ ಹೇಳಿದಳು' ಎಂಬುದನ್ನು 'ಅಜ್ಜಿ ಕತ್ತೆ ಹೇಳಿದಳು' ಎಂದು ಓದಿದ ಮಗು ಮಾತು ಬಲ್ಲದ್ದಾದರೆ ಕಿಸಕ್ಕನೆ ನಗುತ್ತದೆ, ಹಿಂದಕ್ಕೆ ಹೋಗಿ ಸರಿಯಾಗಿ ಓದುತ್ತದೆ. ಮಾತು ಬಾರದ ಮಗು ಕತ್ತೆಯನ್ನೇ ಹೊತ್ತುಕೊಂಡು ಮುಂದಿನ ಸಾಲಿಗೆ ನಡೆಯುತ್ತದೆ!

ತಮಿಳು ಕಲಿತರೆ ಕನ್ನಡ ಕೆಡುತ್ತದೆ ಎಂದು ಕೆಲವರು ಗೊಣಗುತ್ತಾರೆ. ಅದು ಸರಿಯಲ್ಲ. ಪಾಲ್ ಹಾಲಾಗುತ್ತದೆ, ಪುಲಿ ಹುಲಿಯಾಗುತ್ತದೆ, ಪತ್ತು ಹತ್ತಾಗುತ್ತದೆ ಎಂದು ಒಮ್ಮೆ ತೋರಿಸಿಕೊಟ್ಟರೆ ಮಕ್ಕಳು ತಾವೇ ಪಲ್, ಪೆಣ್ ಹುಡುಕಿ ತರುತ್ತಾರೆ. ತಮಿಳಿನ 'ಮಾಡು' ಎಂದರೆ ದನ, ನಮ್ಮ 'ಮಾಡು' ಎಂದರೆ ಕೆಲಸ ಎಂದು ತಿಳಿದಾಗ ಅವರಿಗಾಗುವ ಖುಷಿ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಎರಡು ಭಾಷೆ ಬಲ್ಲ ಮಗುವಿಗೆ ಇದು ಲಾಭ. ಎರಡೂ ಅರ್ಧಂಬರ್ಧವಾದಾಗಲೇ ತೊಂದರೆ.

2011ರ ಜನಗಣತಿಯಲ್ಲಿ ತಮಿಳುನಾಡಿನ ಸುಮಾರು 12.8 ಲಕ್ಷ ಮಂದಿ ಕನ್ನಡವನ್ನು ಮಾತೃಭಾಷೆ ಎಂದು ಬರೆಸಿದ್ದಾರೆ. ಇವರಲ್ಲಿ ಕನ್ನಡ ಅಕ್ಷರವನ್ನೇ ಕಾಣದವರು ಬಹಳ. ಕೊಯಮತ್ತೂರು, ಸೇಲಂ ಕಡೆಯ ದೇವಾಂಗ ನೇಕಾರರ ಎಷ್ಟೋ ಮನೆಗಳಲ್ಲಿ ತಲೆಮಾರುಗಳಿಂದ ಕನ್ನಡ ಮಾತು ಉಳಿದಿದೆ, ಓದು ಬರಹ ಮಾತ್ರ ತಮಿಳಿನಲ್ಲಿ. ಶಾಲೆಯಿಲ್ಲದೆ, ಪುಸ್ತಕವಿಲ್ಲದೆ ಮಗ್ಗದ ಪಕ್ಕದ ಮಾತಿನಿಂದಲೇ ಭಾಷೆ ಉಳಿಯಿತು. ಅಂಥ ಮನೆಯ ಮಗುವಿಗೆ ನಾಳೆ ಅಕ್ಷರ ಕಲಿಸಿದರೆ ಅರ್ಥ ಆಗಲೇ ಸಿದ್ಧವಾಗಿರುತ್ತದೆ. ಚೆನ್ನೈನ ಅಪಾರ್ಟ್‌ಮೆಂಟ್ ಮಗುವಿನ ಸ್ಥಿತಿ ಇದಕ್ಕೆ ತಿರುವುಮುರುವು. ಊರಿನಿಂದ ಅಜ್ಜಿಯ ಫೋನ್ ಬಂದರೆ 'ಚೆನ್ನಾಗಿದೀನಿ', 'ಊಟ ಆಯ್ತು' ಎಂಬಲ್ಲಿಗೆ ಅದರ ಕನ್ನಡ ಮುಗಿದು, ಫೋನ್ ಅಪ್ಪನ ಕೈಗೆ ಹೋಗುತ್ತದೆ. ಆ ಕಡೆ ಅಜ್ಜಿಗೆ ಇನ್ನೂ ಮಾತು ಬಾಕಿ ಇರುತ್ತದೆ.

ಸಂಘಗಳು ಮಾಡಬಹುದಾದದ್ದು ದೊಡ್ಡದೇನಲ್ಲ. ತರಗತಿಯ ಮೊದಲ ಅರ್ಧ ಗಂಟೆ ಪುಸ್ತಕ ಮುಚ್ಚಿಟ್ಟು ಮಾತು, ಒಗಟು, ಕತೆ ನಡೆಯಲಿ. ಸದಸ್ಯರಲ್ಲಿ ನಿವೃತ್ತರು ಬೇಕಾದಷ್ಟಿದ್ದಾರೆ, ಅವರನ್ನು ರಾಜ್ಯೋತ್ಸವದ ವೇದಿಕೆಗೆ ಮಾತ್ರ ಕರೆಯುವುದೇಕೆ? ಮಗು ಹೇಳಿದ ಕತೆಯನ್ನೇ ಹಲಗೆಯ ಮೇಲೆ ಬರೆದು ಅದನ್ನೇ ಓದಿಸಿದರೆ, ಅರ್ಥ ಹೇಳಿಕೊಡುವ ಶ್ರಮವೂ ಉಳಿಯುತ್ತದೆ.

ಮನೆಯಲ್ಲಿ ಇನ್ನೂ ಸುಲಭ. ತಿಂಗಳ ಸಾಮಾನಿನ ಚೀಟಿಯನ್ನು ಮಗುವಿನ ಕೈಯಲ್ಲಿ ಬರೆಸಿ. ಅಮ್ಮ ಹೇಳುತ್ತಾ ಹೋಗಲಿ, ಹುಣಸೆಹಣ್ಣು, ಬೆಲ್ಲ, ಕೊತ್ತಂಬರಿ ಎಂದು ಮಗು ಬರೆದುಕೊಳ್ಳಲಿ. ಒತ್ತು ತಪ್ಪಿದರೂ ಚಿಂತೆಯಿಲ್ಲ. ಅಂಗಡಿಯ ಅಣ್ಣಾಚ್ಚಿಗೆ ಕನ್ನಡ ಓದಲು ಬಾರದು. ಹಾಗಾಗಿ ಚೀಟಿ ನೋಡಿಕೊಂಡು 'ಪುಳಿ ಅರೆ ಕಿಲೋ, ವೆಲ್ಲಂ ಒರು ಕಿಲೋ' ಎಂದು ಕೂಗಿ ಹೇಳುವ ಕೆಲಸವೂ ಮಗುವಿನದೇ.